ಫ್ಯಾನಿನ ರೆಕ್ಕೆ ಎಣಿಸಿದ ಭಾನುವಾರ

ನನ್ನ ಕಂಪ್ಯೂಟರ್ ಸಾಯುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಬೇರೆಯವರ ಕಂಪ್ಯೂಟರ್‌ಗಳು ಸಾಯುವ ಮುಂಚೆ ನೀಲಿ ಪರದೆ ತೋರಿಸಿ, ಏನೋ ಒಂದು ಕಾರಣ ಬರೆದು ಹೋಗುತ್ತವೆ. ನನ್ನದಕ್ಕೆ ಅಷ್ಟೂ ಮರ್ಯಾದೆ ಇರಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಟಪ್ ಅಂತ ಕಪ್ಪಾಗಿ, ತಾನೇ ಮತ್ತೆ ಎದ್ದು, ಏನೂ ಆಗೇ ಇಲ್ಲವೆನ್ನುವ ಹಾಗೆ ಪಾಸ್‌ವರ್ಡ್ ಕೇಳುತ್ತಿತ್ತು. ಆ ಪಾಸ್‌ವರ್ಡ್ ಒತ್ತುವಾಗ ನನಗೆ ಬರುತ್ತಿದ್ದ ಸಿಟ್ಟನ್ನು ಮನುಷ್ಯರ ಮೇಲೆ ತೋರಿಸಿದ್ದರೆ ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ನಾನು ಮದುವೆ ವಿಡಿಯೊ ಎಡಿಟಿಂಗ್ ಮಾಡುವವಳು. ನಿಡಘಟ್ಟದಿಂದ ಒಳಗೆ ಹೋದರೆ ಸಿಗುವ ಒಂದು ಊರಿನಾಚೆ, ಕಬ್ಬಿನ ಗದ್ದೆಗೆ ಅಂಟಿಕೊಂಡಂತೆ ಇರುವ ಹೊಲದ ಮನೆ ನಮ್ಮದು. ಅತ್ತೆ ಹೋದಮೇಲೆ ಇರುವವರು ಮೂವರೇ: ನಾನು, ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುವ ನನ್ನ ಗಂಡ, ಬೇಸಾಯ ಮಾಡುವ ಮಾವ. ಮಂಡ್ಯದ ಸ್ಟುಡಿಯೊದವರು ಒಂದು ಡಿಸ್ಕಿನಲ್ಲಿ ಇಡೀ ಮದುವೆ ತುಂಬಿ ಕಳಿಸುತ್ತಾರೆ. ಬೇಡದ್ದನ್ನು ಕತ್ತರಿಸಿ, ಬಣ್ಣ ತಿದ್ದಿ, ಹಾಡು ಕೂರಿಸಿ ನಾನು ವಾಪಸ್ ಕೊಡುತ್ತೇನೆ. ಅದಕ್ಕೆ ಮುಂಚೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಬೆಳಿಗ್ಗೆ ರಸ್ತೆಗೆ ವ್ಯಾನ್ ಬರುತ್ತಿತ್ತು, ಹತ್ತಿದರೆ ಕತ್ತಲಾದ ಮೇಲೆ ಇಳಿಸುತ್ತಿತ್ತು. ನಡುವೆ ದಿನವಿಡೀ ಕಾಲರ್ ಹೊಲಿಯುವುದು. ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಮುಖ ನೋಡಿ ಏಳಬೇಕಿತ್ತು. ಆ ವ್ಯಾನ್ ಇಳಿದು ಈ ಕುರ್ಚಿಗೆ ಬಂದು ಕೂರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿದವಳೂ ನಾನೇ. ಪ್ರೊಸೆಸರ್ ಇಷ್ಟು ವೇಗದಲ್ಲಿ ಓಡಬೇಕು ಅಂತ ಕಂಪನಿಯವರು ಗೊತ್ತುಮಾಡಿ ಕಳಿಸಿರುತ್ತಾರೆ. ಸೆಟ್ಟಿಂಗ್‌ನಲ್ಲಿ ಕೈಯಾಡಿಸಿದರೆ ಅದಕ್ಕಿಂತ ಜೋರಾಗಿಯೂ ಓಡಿಸಬಹುದು. ಕರೆಂಟು ಜಾಸ್ತಿ ತಿನ್ನುತ್ತದೆ, ಮೈ ಜಾಸ್ತಿ ಕಾಯುತ್ತದೆ, ಕೆಲಸ ಮಾತ್ರ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತ ಒಂದು ಹದಕ್ಕೆ ತಂದು ನಿಲ್ಲಿಸಿದ್ದೆ. ಆ ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿಗಾಲ, ಒಂದು ದಿನವೂ ಅದು ಕಮಕ್ ಕಿಮಕ್ ಅನ್ನಲಿಲ್ಲ.

ಆಮೇಲೆ ಬೇಸಿಗೆ ಬಂತು, ನಾಲೆಯಲ್ಲಿ ನೀರು ಬರುವುದು ನಿಂತಿತು, ಕಂಪ್ಯೂಟರಿಗೂ ಕೇಡುಗಾಲ ಬಂತು. ಮೂರೂ ಒಟ್ಟಿಗೇ ಬಂದವು ಅಂತ ಈಗ ಬರೆಯುವಾಗ ಕಾಣುತ್ತದೆ. ಆಗ ಕಾಣಲಿಲ್ಲ.

ಸಾಯುತ್ತಿದ್ದದ್ದು ಎಕ್ಸ್‌ಪೋರ್ಟ್ ಮಾಡುವಾಗಲೇ. ಜೋಡಿಸಿದ ಮದುವೆಯನ್ನೆಲ್ಲ ಒಂದೇ ಫೈಲಾಗಿ ತೆಗೆಯುವ ಕೆಲಸ ಅದು. ಪ್ರೊಸೆಸರ್ ಮೈಮುರಿದು ದುಡಿಯುವ ಹೊತ್ತು. ನಡುವೆ ಸತ್ತರೆ ಮತ್ತೆ ಮೊದಲಿಂದ. ತುಂಡು ತುಂಡಾಗಿ ತೆಗೆದು ಜೋಡಿಸೋಣವೆಂದರೆ ಜೋಡಿಸುವಾಗ ಅದೇ ಕಥೆ. ಮೊದಲು ಬಿಸಿಯ ಮೇಲೆ ಅನುಮಾನ ಬಂತು. ಪಕ್ಕದ ಮುಚ್ಚಳ ಬಿಚ್ಚಿ, ಬಣ್ಣದ ಬ್ರಷ್ಷಿನಲ್ಲಿ ಒಳಗಿನ ಧೂಳು ತೆಗೆದೆ. ಪ್ರೊಸೆಸರ್ ಮೇಲೆ ಒಣಗಿದ್ದ, ಬಿಸಿ ಸಾಗಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ನಾನು ಬೆವರುತ್ತ ಕೂತೆ. ಆಗಲೂ ಸತ್ತಿತು. ಮೆಮೊರಿ ಪಟ್ಟಿಗಳನ್ನು ಕಿತ್ತು, ಸ್ಕೂಲ್ ಮಕ್ಕಳ ರಬ್ಬರಿನಲ್ಲಿ ಅವುಗಳ ಹಲ್ಲುಜ್ಜಿ, ಮತ್ತೆ ಕೂರಿಸಿದೆ. ಆಗಲೂ ಸತ್ತಿತು.

ಕೊನೆಗೆ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮದ್ದೂರಿಗೆ ಹೊರಟೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಒಂದು ಸಲ ಅದನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. “ನಿಂಗೆ ಫ್ರೀ ಕಣವ್ವ, ಇದ್ಕೆ ಫ್ರೀ ಇಲ್ಲ” ಅಂದ. ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ಹೇಳುತ್ತಿದ್ದೆ. ಅವತ್ತು ಸುಮ್ಮನೆ ಲಗೇಜ್ ಟಿಕೆಟ್ ತಗೊಂಡೆ.

ರಿಪೇರಿ ಅಂಗಡಿಯ ಭಾಯ್ ಅದನ್ನು ಬೆಳಗಿನಿಂದ ಸಂಜೆವರೆಗೆ ಓಡಿಸಿದರು. ನಾನು ಏರಿಸಿದ್ದ ವೇಗದಲ್ಲೇ, ಪ್ರೊಸೆಸರ್ ಬೆವರುವಂಥ ಪರೀಕ್ಷೆಗಳನ್ನೆಲ್ಲ ಹಾಕಿ ಓಡಿಸಿದರು. ನನ್ನದೇ ಒಂದು ಮದುವೆಯನ್ನು ಅಲ್ಲೇ ಎಕ್ಸ್‌ಪೋರ್ಟೂ ಮಾಡಿದರು. ಮುತ್ತಿನಂತೆ ಬಂತು.

“ಅಕ್ಕಾ, ಇದಕ್ಕೇನೂ ಆಗಿಲ್ಲ” ಅಂದರು.

“ನಮ್ಮನೇಲಿ ಸಾಯ್ತದೆ ಭಾಯ್.”

“ನಮ್ಮಂಗ್ಡೀಲಿ ಸಾಯ್ತಾ ಇಲ್ವಲ್ಲ.”

ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದಾಗಲೇ ನೋವು ನಿಂತುಹೋದರೆ ಡಾಕ್ಟರ ಎದುರು ಹೇಗಾಗುತ್ತದೋ ಹಾಗಾಯಿತು ನನಗೆ. ಹೊತ್ತು ತಂದು, ತಂತಿಗಳನ್ನೆಲ್ಲ ಸಿಕ್ಕಿಸಿ, ಎಕ್ಸ್‌ಪೋರ್ಟ್ ಒತ್ತಿದೆ. ಅರ್ಧ ದಾರಿಯಲ್ಲಿ ಟಪ್ ಅಂತ ಕಪ್ಪಾಯಿತು. ನಾನು ಮೌಸನ್ನು ಗೋಡೆಗೆ ಬಿಸಾಕಿದೆ. ಪುಣ್ಯಕ್ಕೆ ಅದು ಒಡೆಯಲಿಲ್ಲ.

“ನೆಟ್ಗೆ ಓಡ್ತಿದ್ದುದ್ನ ಕೆಡಿಸ್ಬುಟ್ಟೆ ಕಣಮ್ಮಿ” ಅಂದ ನನ್ನ ಗಂಡ. “ಕಂಪನಿಯೋರ್ಗಿಂತ ನೀನ್ ಜಾಸ್ತಿ ತಿಳ್ಕೊಂಡಿದ್ದೀಯಾ?”

ಆ ಮಾತು ನನಗೆ ಚುಚ್ಚಿತು, ಯಾಕೆಂದರೆ ನನಗೂ ಒಳಗೊಳಗೆ ಅದೇ ಭಯ ಇತ್ತು. ಸೆಟ್ಟಿಂಗ್‌ಗೆ ಹೋಗಿ, ಏರಿಸಿದ್ದನ್ನು ಸ್ವಲ್ಪ ಇಳಿಸಿದೆ. ಸಾಯುವುದು ಕಡಿಮೆಯಾಯಿತು. ಸರಿ, ಕಳ್ಳ ಸಿಕ್ಕಿದ ಅಂದುಕೊಂಡು ಇನ್ನೂ ಇಳಿಸಿದೆ. ಇನ್ನೂ ಕಡಿಮೆಯಾಯಿತು, ನಿಲ್ಲಲಿಲ್ಲ. ಹೀಗೆ ಇಳಿಸುತ್ತ ಇಳಿಸುತ್ತ ಒಂದು ಶನಿವಾರ ಕಂಪನಿಯವರು ಕೊಟ್ಟ ವೇಗಕ್ಕೇ ಬಂದು ನಿಂತೆ. ಈಗ ಅದರಲ್ಲಿ ನನ್ನ ಕೈವಾಡ ಏನೇನೂ ಇರಲಿಲ್ಲ. ಎತ್ತಿನಗಾಡಿಯಂತೆ ನಿಧಾನವಾಗಿ ಹೋಗುತ್ತಿತ್ತು. ಸಂಜೆ ಹಾಲು ಕಾಯಿಸಿ ಬರುವಷ್ಟರಲ್ಲಿ ಆ ನಿಧಾನದಲ್ಲೂ ಸತ್ತು ಎದ್ದು ಪಾಸ್‌ವರ್ಡ್ ಕೇಳುತ್ತ ಕೂತಿತ್ತು.

ಅದೇ ಹೊತ್ತಿಗೆ ಸ್ಟುಡಿಯೊದವರ ಫೋನ್ ಬಂತು. ಆ ತಿಂಗಳು ಆಗಲೇ ಎರಡು ಮದುವೆ ತಡವಾಗಿ ಕೊಟ್ಟಿದ್ದೆ. ಈಗಿನದು ಮಳವಳ್ಳಿಯವರ ಮದುವೆ. ಭಾನುವಾರ ಮಧ್ಯಾಹ್ನ ಅವರ ಮನೆಯ ಬೀಗರ ಊಟ. ನಮ್ಮ ಕಡೆ ಬೀಗರ ಊಟ ಅಂದರೆ ಧಾರೆಗಿಂತ ಅದಕ್ಕೇ ಜನ ಜಾಸ್ತಿ. ಮರಿ ಕಡಿದು, ನೆಂಟರಿಷ್ಟರನ್ನೆಲ್ಲ ಕರೆದು ಹಾಕುವ ಊಟ. ಅಲ್ಲಿ ದೊಡ್ಡ ಪರದೆ ಕಟ್ಟಿಸಿ ಮದುವೆಯ ವಿಡಿಯೊ ಹಾಕುತ್ತೇವೆ ಅಂತ ಗಂಡಿನ ಕಡೆಯವರು ಎಲ್ಲರಿಗೂ ಹೇಳಿಕೊಂಡಿದ್ದರು.

“ಮೇಡಂ, ನಮ್ಮ ಹುಡುಗ್ರೆಲ್ಲ ನಾಳೆ ಬೇರೆ ಮದುವೇಲಿ ಇರ್ತಾರೆ, ನಮ್ಮ ಸಿಸ್ಟಮ್ ಒಂದೂ ಬಿಡುವಿಲ್ಲ. ನೀವೇ ಪೆನ್‌ಡ್ರೈವ್ ತಗೊಂಡು ಮಳವಳ್ಳಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಇನ್ಮೇಲೆ ಬೇರೆಯವ್ರಿಗೆ ಕೊಡ್ತೀನಿ” ಅಂದರು. ಬೈದಿದ್ದರೆ ನಾನೂ ಬೈದು ಹಗುರವಾಗುತ್ತಿದ್ದೆ. ಅವರು ಮೆತ್ತಗೆ ಹೇಳಿದರು.

ಫೋನ್ ಇಡುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದ. ಗಾರ್ಮೆಂಟ್ಸ್‌ನ ಸೂಪರ್‌ವೈಸರನ್ನು ದಾರಿಯಲ್ಲಿ ಕಂಡಿದ್ದನಂತೆ, ಜನ ಬೇಕಾಗಿದ್ದಾರಂತೆ. “ಇದ್ರ ಜೊತೆ ಯಾಕೆ ಒದ್ದಾಡ್ತೀಯ, ನಿದ್ದೆ ಇಲ್ಲ, ನೀರಿಲ್ಲ. ಸೋಮವಾರದಿಂದ ಓಗ್ತೀಯಾ ಅಂತ ಕೇಳ್ತಿದ್ರು” ಅಂದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದರೆ ತಾನೆ.

“ನಾಳೆ ಈ ಮದ್ವೆ ಕೊಡ್ಲಿಲ್ಲ ಅಂದ್ರೆ ಸೋಮವಾರ ವ್ಯಾನ್ ಹತ್ತುತೀನಿ. ಬರಕ್ಕೇಳ್ಬುಡಿ” ಅಂದೆ.

ಅವನು ನಿಜವಾಗಿಯೂ ಫೋನ್ ಮಾಡಿ ಹೇಳಿಬಿಟ್ಟ. ಜಗುಲಿಯ ಮೇಲೆ ಬೀಡಿ ಸೇದುತ್ತಿದ್ದ ಮಾವ ಎಲ್ಲ ಕೇಳಿಸಿಕೊಂಡರು. “ಅದೇ ವಾಸಿ ಬುಡು. ಕುಂತ್ಕೊಂಡು ಪಿಚ್ಚರ್ ನೋಡದೂ ಒಂದ್ ಕೆಲ್ಸವಾ” ಅಂದರು.

ಭಾನುವಾರ ಬೆಳಿಗ್ಗೆ ಗಂಡ ಶಿಫ್ಟ್‌ಗೆ ಹೋದ, ಬೈಕೂ ಅವನ ಜೊತೆ ಹೋಯಿತು. ಭಾಯ್ ಅಂಗಡಿ ಭಾನುವಾರ ಮುಚ್ಚಿರುತ್ತದೆ. ಇದ್ದ ಯುಪಿಎಸ್‌ನ ಬ್ಯಾಟರಿ ಯಾವತ್ತೋ ಊದಿಕೊಂಡು ಹೋಗಿತ್ತು. ಅದನ್ನು ಬರೀ ಪ್ಲಗ್ ಚುಚ್ಚುವ ಡಬ್ಬವಾಗಿ ಇಟ್ಟುಕೊಂಡಿದ್ದೆ. ಬೇರೆ ದಾರಿ ಇಲ್ಲದೆ, ಕಂಪನಿ ವೇಗದಲ್ಲೇ ಎಕ್ಸ್‌ಪೋರ್ಟ್ ಒತ್ತಿ, ಕೈಕಟ್ಟಿ ಕೂತೆ. ಆ ನಿಧಾನದಲ್ಲಿ ಮುಗಿಸಿ ಮಳವಳ್ಳಿ ತಲುಪುವುದು ಬೀಗರು ಉಂಡು ಕೈತೊಳೆದ ಮೇಲೆಯೇ ಅಂತ ಗೊತ್ತಿತ್ತು. ಆದರೂ ಒತ್ತಿದೆ. ಸ್ವಲ್ಪ ದೂರ ಹೋಯಿತು, ಸತ್ತಿತು.

ಪ್ರತಿ ಸಲವೂ ಅದು ಸಾಯುವಾಗ ನಾನು ಪರದೆಯನ್ನೇ ನೋಡುತ್ತಿರುತ್ತಿದ್ದೆ. ಅವತ್ತು ನೋಡಲು ಮನಸ್ಸಾಗಲಿಲ್ಲ. ಕುರ್ಚಿಗೆ ಒರಗಿ, ತಲೆ ಹಿಂದಕ್ಕೆ ಹಾಕಿ ಸೂರು ನೋಡಿದೆ. ಸೂರಿನ ಫ್ಯಾನ್ ತಿರುಗುತ್ತಿತ್ತು. ತಿರುಗುತ್ತಿತ್ತು ಅನ್ನುವುದಕ್ಕಿಂತ ತೆವಳುತ್ತಿತ್ತು. ಒಂದು ರೆಕ್ಕೆ, ಎರಡನೇ ರೆಕ್ಕೆ, ಮೂರನೇ ರೆಕ್ಕೆ, ಒಂದೊಂದನ್ನೂ ಎಣಿಸಬಹುದಿತ್ತು.

ನಾವು ಅದನ್ನು ಡಿಮ್ಮು ಕರೆಂಟು ಅನ್ನುತ್ತೇವೆ. ನಾನು ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಡಿಮ್ಮು ಕರೆಂಟು ಇದೆ. ಬಲ್ಬು ಕೆಂಪಗಾದರೆ ಚಟ್ನಿ ಆಮೇಲೆ ರುಬ್ಬಿದರಾಯಿತು ಅನ್ನುತ್ತೇವೆ, ಫ್ಯಾನ್ ಸೋತರೆ ಸೆಖೆ ಜಾಸ್ತಿ ಅನ್ನುತ್ತೇವೆ. ಕರೆಂಟು ಹೋದರೆ ಬೈಯುತ್ತೇವೆ. ಡಿಮ್ಮಾದರೆ ಯಾರೂ ಬೈಯುವುದಿಲ್ಲ, ಇದೆಯಲ್ಲ ಅಷ್ಟೇ ಸಾಕು ಅನ್ನಿಸುತ್ತದೆ. ಅದೂ ಒಂದು ಕೆಡುಕು ಅಂತ ನನ್ನ ತಲೆಗೆ ಬಂದೇ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗಿತ್ತು ನನ್ನ ಪಾಡು.

ಕಿಟಕಿಯಿಂದ ನೋಡಿದೆ. ಗದ್ದೆಯ ತಲೆಯಲ್ಲಿ ಪೈಪಿನಿಂದ ನೀರು ಧುಮ್ಮಿಕ್ಕುತ್ತಿತ್ತು. ಮೋಟಾರುಗಳಿಗೆಂದು ಬಿಡುವ ತ್ರೀ ಫೇಸ್ ಕರೆಂಟು ಬೆಳಗಿನ ಜಾವವೇ ಬಂದು ಹೋಗಿತ್ತು. ಈಗ ಮೋಟಾರ್ ಓಡಬಾರದು. ಆದರೂ ಓಡುತ್ತಿದೆ ಅಂದರೆ ಮಾವ ಕಂಡೆನ್ಸರ್ ಹಾಕಿದ್ದಾರೆ ಅಂತ ಅರ್ಥ. ಸ್ಟಾರ್ಟರ್ ಪಕ್ಕದಲ್ಲಿ ಒಂದು ಕಂಡೆನ್ಸರ್ ಡಬ್ಬ ಕೂರಿಸಿಕೊಂಡರೆ, ಮೂರು ಫೇಸಿನ ಮೋಟಾರು ಮನೆಗೆ ಬಿಡುವ ಕರೆಂಟಿನಲ್ಲೇ ಹೇಗೋ ಓಡುತ್ತದೆ, ಮನೆಗೆ ಉಳಿಯುವುದು ಡಿಮ್ಮು ಕರೆಂಟು. ಲೈನ್‌ಮ್ಯಾನ್ ಬಂದಾಗಲೆಲ್ಲ ಬೈಯುತ್ತಾನೆ, ಅವನು ಬೆನ್ನು ತಿರುಗಿಸಿದ ಮೇಲೆ ಎಲ್ಲರೂ ಓಡಿಸುತ್ತಾರೆ. ನಾಲೆ ನೀರಿದ್ದಾಗ ಅದರ ಗೊಡವೆ ಇರಲಿಲ್ಲ. ನೀರು ನಿಂತ ದಿನದಿಂದ ಡಬ್ಬ ಇಳಿದಿರಲಿಲ್ಲ.

ಬರಿಗಾಲಲ್ಲೇ ಮೋಟಾರ್ ಮನೆಗೆ ಓಡಿದೆ.

“ಮಾವ, ಒಂದ್ಸಲ ಆಫ್ ಮಾಡಿ.”

“ಯಾಕವ್ವ, ಏನಾಯ್ತು?”

“ಮಾಡಿ ಮಾವ, ಏಳ್ತೀನಿ.”

ನನ್ನ ಮುಖ ನೋಡಿ ಮಾಡಿದರು. ನಾನು ವಾಪಸ್ ಓಡಿ ಬಾಗಿಲಲ್ಲಿ ನಿಂತು ಫ್ಯಾನ್ ನೋಡಿದೆ. ರೆಕ್ಕೆಗಳು ಒಂದರೊಳಗೊಂದು ಸೇರಿ ಬಿಳಿ ತಟ್ಟೆಯಾದವು. “ಈಗ ಆಕಿ ಮಾವ” ಅಂತ ಕೂಗಿದೆ. ತಟ್ಟೆ ಒಡೆದು ಮತ್ತೆ ಮೂರು ರೆಕ್ಕೆಯಾಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಇಷ್ಟು ದಿನ ನಾನು ಬೈದ ಪ್ರೊಸೆಸರ್, ಉಜ್ಜಿದ ಮೆಮೊರಿ, ಇಳಿಸಿದ ವೇಗ, ಯಾವುದರದ್ದೂ ತಪ್ಪಿರಲಿಲ್ಲ. ಹೊಟ್ಟೆಗಿಲ್ಲದ ಆಳಿನಿಂದ ದುಡಿಸಿಕೊಳ್ಳುತ್ತಿದ್ದೆ. ವೇಗ ಇಳಿಸಿದಾಗ ಹಸಿವು ಸ್ವಲ್ಪ ಕಡಿಮೆಯಾಗಿ ಸ್ವಲ್ಪ ಹೆಚ್ಚು ಹೊತ್ತು ಬದುಕುತ್ತಿತ್ತು, ಅಷ್ಟೆ.

ಮಾವನಿಗೆ ಹೇಳಿದೆ. ಅವರು ಕಬ್ಬಿನ ಕಡೆ ನೋಡಿದರು. ಕಬ್ಬಿನ ಗರಿ ಸುರುಳಿ ಸುತ್ತಿಕೊಳ್ಳುತ್ತಿದ್ದದ್ದು ನನಗೂ ಕಾಣುತ್ತಿತ್ತು.

“ಎಷ್ಟೊತ್ತು ನಿಲ್ಲಿಸ್ಬೇಕು?”

“ಇದು ಮುಗಿಯೋಗಂಟ.”

“ಅದಾಗಕಿಲ್ಲ ಕಣವ್ವ. ಇವತ್ ನೀರ್ ಕಟ್ನಿಲ್ಲ ಅಂದ್ರೆ ಈ ಪಟ್ಟೆ ಕಬ್ಬು ಓಯ್ತದೆ.” ಟವೆಲಿನಲ್ಲಿ ಮುಖ ಒರೆಸಿಕೊಂಡು, “ನಾನು ಮನೇಗ್ ಬಂದು ಇಟ್ಟುಂಡು, ಎಲೆ ಅಡ್ಕೆ ಆಕ್ಕೊಂಡು ಬರೋಗಂಟ ಆಫ್ ಮಾಡಿರ್ತೀನಿ. ಅಷ್ಟ್ರಲ್ಲಿ ಮುಗಿಸ್ಕೊ” ಅಂದರು.

ಅಷ್ಟರಲ್ಲಿ ಮುಗಿಸುವುದಕ್ಕೆ ಇದ್ದದ್ದು ಒಂದೇ ದಾರಿ. ಯಾವುದನ್ನು ಮನೆಮಂದಿಯೆಲ್ಲ ಬೈದಿದ್ದರೋ, ಯಾವುದನ್ನು ನಾನೇ ತಪ್ಪಾಯಿತು ಅಂತ ಇಳಿಸಿದ್ದೆನೋ, ಅದೇ ವೇಗಕ್ಕೆ ಮತ್ತೆ ಏರಿಸಬೇಕು. ಏರಿಸಿದರೆ ಕರೆಂಟು ಹೆಚ್ಚು ಬೇಕು. ನಡುವೆ ಒಂದು ಸಣ್ಣ ಡಿಮ್ಮಾದರೂ ತಡೆಯುವುದಿಲ್ಲ. ಏರಿಸದಿದ್ದರೆ ಮುಗಿಯುವುದೇ ಇಲ್ಲ. ಹಳೆಯ ಸೆಟ್ಟಿಂಗನ್ನು ಹುಡುಕಿ ಹಾಕಿ, ಫ್ರಿಜ್ಜಿನ ಪ್ಲಗ್ ಕಿತ್ತು, ಟೀವಿಯದ್ದೂ ಕಿತ್ತು, ಎಕ್ಸ್‌ಪೋರ್ಟ್ ಒತ್ತಿದೆ. ಸೂರಿನ ಫ್ಯಾನ್ ಮಾತ್ರ ಆರಿಸಲಿಲ್ಲ. ಈಗ ಅದೇ ನನ್ನ ಕಣ್ಣು.

ಮಾವ ಬಂದು ಕೈಕಾಲು ತೊಳೆದು ಕೂತರು. ಮುದ್ದೆ, ಸೊಪ್ಪಿನ ಸಾರು ಬಡಿಸಿ ಬಂದು ನಿಂತೆ. ಕ್ಯಾಬಿನೆಟ್ ಒಳಗಿನ ಫ್ಯಾನುಗಳು ಬುಸುಗುಟ್ಟುತ್ತಿದ್ದವು. ಪರದೆಯ ಮೇಲಿನ ಹಸಿರು ಗೆರೆ ಉದ್ದವಾಗುತ್ತಿತ್ತು. ಅರಿಶಿನ ಹಚ್ಚುವುದು ದಾಟಿತು, ಚಪ್ಪರದ ಪೂಜೆ ದಾಟಿತು, ಧಾರೆಯ ಹತ್ತಿರ ಬಂತು. ಆಗ ಫ್ಯಾನ್ ಸೋತಿತು.

ತೆವಳಲಿಲ್ಲ, ಆದರೆ ತಟ್ಟೆ ಒಡೆದು ರೆಕ್ಕೆಗಳು ಮಬ್ಬು ಮಬ್ಬಾಗಿ ಕಾಣಿಸಿದವು. “ಮಾವ” ಅಂದೆ. ನನಗೆ ಅಳು ಬಂದಿತ್ತು. “ನೀವ್ ಆಫ್ ಮಾಡಿದ್ರಿ ತಾನೆ?”

ಮಾವ ತಲೆ ಎತ್ತಿ ಫ್ಯಾನ್ ನೋಡಿದರು. ಆಮೇಲೆ ಕಿಟಕಿಯಾಚೆ, ಬದುವಿನ ಆ ಕಡೆ ನೋಡಿದರು. ನಮ್ಮ ಟ್ರಾನ್ಸ್‌ಫಾರ್ಮರ್ ಮೇಲೆ ಇರುವುದು ಎರಡೇ ಮೋಟಾರು. ಇನ್ನೊಂದು ಮಾವನ ಚಿಕ್ಕಪ್ಪನ ಮಗನದು. ಆ ಬದು ಯಾರದೆಂಬ ಮಾತಿಗೆ ಇಬ್ಬರೂ ಮಾತು ಬಿಟ್ಟದ್ದು ನಾನು ಈ ಮನೆಗೆ ಬರುವ ಹೊತ್ತಿಗೇ ಹಳೆಯ ಕಥೆಯಾಗಿತ್ತು. ಅತ್ತೆ ಹೋದಾಗಲೂ ಅವರು ಬಂದು ದೂರದಲ್ಲಿ ನಿಂತು ಹೋಗಿದ್ದರು. ಮಾವ ಅವರ ಕಡೆ ತಿರುಗಿರಲಿಲ್ಲ. ಅವರ ಎಮ್ಮೆ ನಮ್ಮ ಗದ್ದೆಗೆ ಬಂದರೂ ಮಾವ ಎಮ್ಮೆಗೆ ಬೈಯುತ್ತಿದ್ದರೇ ಹೊರತು ಅವರ ಹೆಸರು ಎತ್ತುತ್ತಿರಲಿಲ್ಲ.

“ನಾನ್ ಓಗ್ ಕೇಳ್ಲಾ?” ಅಂದೆ.

“ನೀನ್ ಅದನ್ನ ನೋಡ್ಕೊ” ಅಂದರು ಮಾವ. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು. ಉಣ್ಣುವ ತಟ್ಟೆ ಬಿಟ್ಟು ಏಳಬಾರದು ಅಂತ ನನಗೆ ಹೇಳಿಕೊಟ್ಟವರೇ ಅವರು. ಎದ್ದು ಕೈತೊಳೆದು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು.

ನಾನು ಒಂದು ಕೈ ಕ್ಯಾಬಿನೆಟ್ ಮೇಲಿಟ್ಟುಕೊಂಡು ನಿಂತೆ. ಅದು ಬಿಸಿಯಾಗಿ ನಡುಗುತ್ತಿತ್ತು. ಒಂದು ಕಣ್ಣು ಗೆರೆಯ ಮೇಲೆ, ಒಂದು ಕಣ್ಣು ಕಿಟಕಿಯ ಮೇಲೆ. ಮಾವ ಬದುವಿನ ತನಕ ಜೋರಾಗಿ ನಡೆದರು, ಬದುವಿನ ಮುಂದೆ ನಿಂತರು. ಆ ಕಡೆಯಿಂದ ಚಿಕ್ಕಪ್ಪನ ಮಗ ಗುದ್ದಲಿ ಹಿಡಿದುಕೊಂಡೇ ಬಂದರು. ಹೋದ ಸಲ ಇಬ್ಬರೂ ಎದುರುಬದುರು ನಿಂತಾಗ ಮಾತು ಪೊಲೀಸ್ ಸ್ಟೇಷನ್‌ವರೆಗೆ ಹೋಗಿತ್ತಂತೆ. ಪಿಕ್ಚರ್ ನೋಡುವ ಕೆಲಸಕ್ಕಾಗಿ ಈ ಮುದುಕರಿಬ್ಬರನ್ನು ಕೂಡಿಸಿಬಿಟ್ಟೆನಲ್ಲ, ಏನಾದರೂ ಆದರೆ ಯಾವ ಮುಖ ಇಟ್ಟುಕೊಂಡು ಬದುಕಲಿ ಅನ್ನಿಸಿತು. ವ್ಯಾನ್ ಹತ್ತಿದರೂ ಪರವಾಗಿಲ್ಲ, ವಾಪಸ್ ಬನ್ನಿ ಅಂತ ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಮಾವ ಕೈ ಎತ್ತಿ ನಮ್ಮ ಮನೆಯ ಕಡೆ ತೋರಿಸುತ್ತಿದ್ದರು.

ಪರದೆ ಒಂದು ಸಲ ಮಿಣುಕಿತು. ನಾನು ಕಣ್ಣು ಮುಚ್ಚಿಕೊಂಡೆ. ತಲೆಯ ಮೇಲೆ ಗಾಳಿ ಬಡಿದಾಗ ಕಣ್ಣು ಬಿಟ್ಟು ನೋಡಿದರೆ ಫ್ಯಾನು ತಟ್ಟೆಯಾಗಿತ್ತು. ಹಸಿರು ಗೆರೆ ಇನ್ನೂ ಬದುಕಿತ್ತು, ಧಾರೆ ದಾಟಿ ಆರತಕ್ಷತೆಗೆ ಹೋಗಿತ್ತು.

ಮುಗಿದಾಗ ಮಾವ ಹಿಂತಿರುಗಿ ಬಂದು, ತಣ್ಣಗಾಗಿ ಕಲ್ಲಾದ ಮುದ್ದೆಯನ್ನೇ ಮುರಿದು ಉಣ್ಣುತ್ತಿದ್ದರು. ಬಿಸಿಯದು ಮಾಡಿಕೊಡುತ್ತೇನೆ ಅಂದರೆ ಬೇಡ ಅಂದರು. “ಮುಗೀತಾ?” ಅಂದರು.

“ಮುಗೀತು ಮಾವ.”

“ಅಂಗಾರೆ ಅವ್ನಿಗೆ ಏಳ್ಬುಟ್ ಬತ್ತೀನಿ, ನೀರ್ ಕಟ್ಕೊಳ್ಳಿ” ಅಂತ ಎದ್ದು ಮತ್ತೆ ಬದುವಿನ ಕಡೆ ಹೋದರು. ಆ ಸಲ ಬದುವಿನ ಮುಂದೆ ನಿಲ್ಲಲಿಲ್ಲ, ದಾಟಿದರು.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ತಲುಪುವಾಗ ಮೊದಲ ಪಂಕ್ತಿ ಕೂತಿತ್ತು. ಸ್ಟುಡಿಯೊದವರು ಪೆನ್‌ಡ್ರೈವನ್ನು ಕೈಯಿಂದ ಕಿತ್ತುಕೊಂಡು ಓಡಿದರು. ಪರದೆಯ ಮೇಲೆ ಮದುಮಗಳು ತಲೆ ಎತ್ತಿದಾಗ ಉಣ್ಣುತ್ತಿದ್ದವರೂ ತಲೆ ಎತ್ತಿದರು. ನಾನು ನೀರಿನ ಡ್ರಮ್ಮಿನ ಪಕ್ಕ ನಿಂತು, ಎಲ್ಲಾದರೂ ಕೆಟ್ಟಿದೆಯಾ ಅಂತ ಕೊನೆಯವರೆಗೂ ನೋಡಿದೆ. ಕೆಟ್ಟಿರಲಿಲ್ಲ. ಊಟ ಮಾಡಿ ಅಂತ ಯಾರೋ ಎಲೆಯ ಮುಂದೆ ಕೂರಿಸಿದರು. ಏನು ತಿಂದೆನೋ ನೆನಪಿಲ್ಲ. ಮುಂದಿನ ವಾರ ಇನ್ನೊಂದು ಮದುವೆ ಇದೆ ಅಂತ ಸ್ಟುಡಿಯೊದವರು ಹೇಳಿದ್ದು ಮಾತ್ರ ನೆನಪಿದೆ.

ಆದರೆ ವ್ಯಾನಿಗೆ ಬರಬೇಡ ಅಂತ ಹೇಳುವುದನ್ನು ಗಂಡನೂ ಮರೆತ, ನಾನೂ ಮರೆತೆ. ಸೋಮವಾರ ಬೆಳಿಗ್ಗೆ ಅದು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯಿತು. ನಾನು ಆಗಲೇ ಹೊಸ ಮದುವೆ ಹಾಕಿಕೊಂಡು ಕೂತಿದ್ದೆ. ಹಳೆಯ ಭಯಕ್ಕೆ ಕಾಲು ತಾನೇ ಎದ್ದುನಿಂತಿತು. ಅಷ್ಟರಲ್ಲಿ ಹೊರಗೆ ಮಾವನ ಗಂಟಲು ಕೇಳಿಸಿತು.

“ಓಗಪ್ಪ ನೀನು. ಅವ್ಳ್ಗೆ ಮನೇಲೇ ಕೆಲ್ಸ ಐತೆ.”

ವ್ಯಾನ್ ಹೊರಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮಾವ ಟವೆಲ್ ಕೊಡವುತ್ತ ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ಒಳಗೆ ಇಣುಕಲಿಲ್ಲ, ಗದ್ದೆಯ ಕಡೆ ನೋಡುತ್ತಲೇ ಕೇಳಿದರು.

“ಮೋಟ್ರು ಆಕ್ಲೇನವ್ವ?”

“ತಡೀರಿ ಮಾವ, ಇದೊಂದು ಸೇವ್ ಮಾಡ್ಕೊತೀನಿ” ಅಂದೆ.

ಅವರು ತಡೆದರು.